ಓಟದ ಪದಗಳೂ ನಿಘಂಟುಕಾರರೂ

ವೇಗವಾಗಿ ಸಾಗುವುದನ್ನು ಹೇಳಲು ಇಂಗ್ಲಿಷಿನಲ್ಲಿ ಕ್ರಿಯಾಪದಗಳ ದೊಡ್ಡ ಬಳಗವೇ ಇದೆ: ರನ್, ರಷ್, ಡ್ಯಾಷ್, ಡಾರ್ಟ್, ಬೋಲ್ಟ್, ಸ್ಪ್ರಿಂಟ್, ಟ್ರಾಟ್, ಗ್ಯಾಲಪ್, ಕ್ಯಾಂಟರ್. ಇವುಗಳ ಮೂಲ ಬೇರೆ ಬೇರೆ. ರನ್ ಹಳೆಯ ಇಂಗ್ಲಿಷಿನ ಮಾತು. ಟ್ರಾಟ್, ಗ್ಯಾಲಪ್ ಫ್ರೆಂಚಿನಿಂದ ಬಂದವು. ಡಾರ್ಟ್ ಎಂದರೆ ಮೊದಲು ಎಸೆಯುವ ಈಟಿ, ಬೋಲ್ಟ್ ಎಂದರೆ ಗಿಡ್ಡ ಬಾಣ. ಆಯುಧದ ಹೆಸರೇ ಮುಂದೆ ಓಟದ ಹೆಸರಾಯಿತು. ಕ್ಯಾಂಟರ್ ಎಂಬುದರ ಹಿಂದೆ ಕ್ಯಾಂಟರ್ಬರಿಗೆ ಯಾತ್ರೆ ಹೊರಟವರ ಕುದುರೆಗಳ ಹದವಾದ ಓಟವಿದೆ. ಈ ಬಳಗಕ್ಕೆ ಕನ್ನಡದಲ್ಲಿ ಸರಿಸಾಟಿ ಮಾತು ಹುಡುಕುವ ಕೆಲಸಕ್ಕೆ ಈಗ ಇನ್ನೂರು ವರ್ಷ.

ಆ ಕೆಲಸ ನಡೆದ ಸೀಮೆಗಳು ಬಂದು ಕೂಡುತ್ತಿದ್ದದ್ದು ಹರಿಹರದ ಆಸುಪಾಸಿನಲ್ಲಿ. ತುಂಗಭದ್ರೆಯ ಬಲದಂಡೆಯ ಹರಿಹರ, ಅದರ ಪಕ್ಕದ ಗುತ್ತೂರು ಮೈಸೂರು ಸಂಸ್ಥಾನಕ್ಕೆ ಸೇರಿದ್ದವು. ಹೊಳೆ ದಾಟಿದರೆ ರಾಣೆಬೆನ್ನೂರು, ಅಂದರೆ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆ. ಇತ್ತ ಹರಪನಹಳ್ಳಿಯ ಕಡೆ ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆ. ಬಳ್ಳಾರಿ, ಧಾರವಾಡ, ಮೈಸೂರು ಈ ಮೂರು ಕಡೆಯಿಂದಲೂ ಕನ್ನಡಕ್ಕೆ ದೊಡ್ಡ ಕೋಶಗಳು ಬಂದವು.

ಅವಕ್ಕಿಂತ ಮೊದಲೂ ಪರ್ಯಾಯಪದಗಳನ್ನು ಕೂಡಿಡುವ ವಾಡಿಕೆ ಇಲ್ಲಿತ್ತು. 10ನೆಯ ಶತಮಾನದ ರನ್ನನ ‘ರನ್ನಕಂದ’ದಲ್ಲಿ ನಮಗೆ ಉಳಿದಿರುವುದು ಕೆಲವೇ ಪದ್ಯಗಳು. 12ನೆಯ ಶತಮಾನದ ಇಮ್ಮಡಿ ನಾಗವರ್ಮನ ‘ಅಭಿಧಾನವಸ್ತುಕೋಶ’, 16ನೆಯ ಶತಮಾನದ ಲಿಂಗಮಂತ್ರಿಯ ‘ಕಬ್ಬಿಗರ ಕೈಪಿಡಿ’ ಬಾಯಿಪಾಠಕ್ಕೆ ಒದಗುವಂತೆ ಪದ್ಯದಲ್ಲಿವೆ. ಇವೆಲ್ಲ ಕವಿಗಳಿಗಾಗಿ ಹುಟ್ಟಿದವು. ಹಾಗಾಗಿ ವಸ್ತುಗಳ ಹೆಸರುಗಳಿಗೆ ಸಿಕ್ಕ ಜಾಗ ಕ್ರಿಯೆಗಳಿಗೆ ಸಿಗಲಿಲ್ಲ. ಸಂಸ್ಕೃತದ ಅಮರಕೋಶದ ದಾರಿಯೂ ಇದೇ. ಅದು ಶೀಘ್ರ, ತ್ವರಿತ, ಲಘು, ಕ್ಷಿಪ್ರ ಎಂದು ಬೇಗದ ಮಾತುಗಳನ್ನು ಪೋಣಿಸುತ್ತದೆ, ಕುದುರೆಯ ಓಟದಲ್ಲಿ ಐದು ಬಗೆಗಳನ್ನೂ ಹೆಸರಿಸುತ್ತದೆ. ಆದರೆ ಧಾತುಗಳನ್ನು ವೈಯಾಕರಣರ ಪಾಲಿಗೆ ಬಿಡುತ್ತದೆ.

ಕನ್ನಡದಲ್ಲಿ ಆ ಪಾಲನ್ನು ಹೊತ್ತವನು ಕೇಶಿರಾಜ. 13ನೆಯ ಶತಮಾನದ ನಡುಭಾಗದಲ್ಲಿ ಅವನ ‘ಶಬ್ದಮಣಿದರ್ಪಣ’ ಹುಟ್ಟಿತು. ಅದರಲ್ಲಿ ಕನ್ನಡ ಧಾತುಗಳ ಪಟ್ಟಿಯೇ ಇದೆ. ಅದಕ್ಕಿಂತ ಮಹತ್ವದ ಸಂಗತಿಯೆಂದರೆ, ಸದ್ದನ್ನು ಅನುಕರಿಸುವ ಮಾತುಗಳನ್ನು ಅವನು ಅವ್ಯಯಗಳ ಸಾಲಿನಲ್ಲಿ ಕೂರಿಸಿ ವ್ಯಾಕರಣದ ಒಳಗೆ ತಂದದ್ದು. ಕನ್ನಡದಲ್ಲಿ ವೇಗ ಬಹುಪಾಲು ಕುಳಿತಿರುವುದು ಅಲ್ಲಿಯೇ. ಹಾವು ಸರಸರ ಹರಿಯುತ್ತದೆ, ಜಿಂಕೆ ಚಂಗನೆ ನೆಗೆಯುತ್ತದೆ, ಸಿಟ್ಟಾದವರು ಬಿರಬಿರನೆ ನಡೆಯುತ್ತಾರೆ, ಮಕ್ಕಳು ದಡದಡ ಮೆಟ್ಟಿಲಿಳಿಯುತ್ತಾರೆ. ಇಂಗ್ಲಿಷು ಇಂಥ ಒಂದೊಂದಕ್ಕೂ ಬೇರೆ ಕ್ರಿಯಾಪದವನ್ನು ಹುಡುಕುತ್ತದೆ. ಕನ್ನಡಕ್ಕೆ ಓಡು, ಹರಿ, ನೆಗೆ, ಹಾರು, ನುಗ್ಗುಗಳಂಥ ಕೆಲವು ಧಾತುಗಳು ಸಾಕು. ಬಗೆಯನ್ನು ಅವ್ಯಯ ಹೇಳುತ್ತದೆ.

ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ವಿಲಿಯಂ ರೀವ್ ಇಂಗ್ಲಿಷ್–ಕನ್ನಡ ಕೋಶವನ್ನು 1824ರಲ್ಲಿಯೂ ಕನ್ನಡ–ಇಂಗ್ಲಿಷ್ ಕೋಶವನ್ನು 1832ರಲ್ಲಿಯೂ ಹೊರತಂದರು. ಎರಡನೆಯದನ್ನು ಡೇನಿಯಲ್ ಸ್ಯಾಂಡರ್ಸನ್ ತಿದ್ದಿ ಬೆಳೆಸಿ 1858ರಲ್ಲಿ ಬೆಂಗಳೂರಿನಲ್ಲಿ ಅಚ್ಚು ಹಾಕಿಸಿದರು. 1853ರಲ್ಲಿ ಕನ್ನಡನಾಡಿಗೆ ಬಂದ ಬಾಸೆಲ್ ಮಿಷನ್ನಿನ ಫರ್ಡಿನೆಂಡ್ ಕಿಟೆಲ್ ಧಾರವಾಡ, ಹುಬ್ಬಳ್ಳಿ, ಮಂಗಳೂರು, ಮಡಿಕೇರಿಗಳಲ್ಲಿ ದುಡಿದವರು. 1872ರಲ್ಲಿ ಶಬ್ದಮಣಿದರ್ಪಣವನ್ನು ಸಂಪಾದಿಸಿದ ಮೇಲೆ, 1894ರಲ್ಲಿ ಸುಮಾರು 70,000 ಪದಗಳ ಕೋಶವನ್ನು ಕೊಟ್ಟರು. ಕೇಶಿರಾಜನನ್ನು ಓದಿ ಪಳಗಿದ ಕೈ ಅದು. ಕಾವ್ಯದ ಮಾತಿನ ಜೊತೆಗೆ ಬಳಕೆಯ ಮಾತು, ಗಾದೆ, ನುಡಿಗಟ್ಟುಗಳನ್ನೂ ಅದು ಸೇರಿಸಿಕೊಂಡಿತು. ಓಟದಂಥ ವಿಷಯಕ್ಕೆ ಈ ಕ್ರಮವೇ ಸರಿ, ಏಕೆಂದರೆ ಕನ್ನಡದ ಓಟ ಎಷ್ಟೋ ಸಲ ಒಂದೇ ಪದದಲ್ಲಿ ಸಿಗುವುದಿಲ್ಲ. ಹೆದರಿ ಓಡಿದವನು ಕಾಲಿಗೆ ಬುದ್ಧಿ ಹೇಳಿದ, ಸಾಲಗಾರ ಕಂಬಿ ಕಿತ್ತ, ಸುದ್ದಿ ಕೇಳಿದ ತಾಯಿ ಎದ್ದುಬಿದ್ದು ಓಡಿಬಂದಳು. ಇವುಗಳ ಹುರುಪು ಪದಕ್ಕೆ ಪದ ಜೋಡಿಸುವ ಪಟ್ಟಿಗೆ ದಕ್ಕುವುದಿಲ್ಲ.

ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟು 1946ರಲ್ಲಿ ಹೊರಬಂತು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಕನ್ನಡ ನಿಘಂಟು 1970ರಿಂದ 1995ರವರೆಗೆ ಬೆಳೆಯಿತು. ಅದರ ಹಿಂದಿನ ದುಡಿಮೆಯಲ್ಲಿ ಜಿ. ವೆಂಕಟಸುಬ್ಬಯ್ಯನವರ ಪಾಲು ದೊಡ್ಡದು. ಶಾಲೆಯ ಪದಪಟ್ಟಿಗಳು ಮಾತ್ರ ಇವರ ಎಚ್ಚರವನ್ನು ಕಲಿಯಲಿಲ್ಲ. ಡ್ಯಾಷ್, ರಷ್, ಸ್ಪ್ರಿಂಟ್ ಎಲ್ಲಕ್ಕೂ ‘ವೇಗವಾಗಿ ಓಡು’ ಎಂದೇ ಬರೆಸಿದರೆ ಮಗುವಿಗೆ ಇಂಗ್ಲಿಷಿನ ಭೇದವೂ ತಿಳಿಯದು, ತನ್ನ ಮನೆಯ ಮಾತಿನ ಸಿರಿಯೂ ನೆನಪಾಗದು. ಗ್ಯಾಲಪ್ ಎದುರಾದಾಗ ನಾಗಾಲೋಟ, ಟ್ರಾಟ್ ಎದುರಾದಾಗ ಕುಕ್ಕುಲೋಟ ಸಿದ್ಧವಾಗಿಯೇ ಇವೆ.

ಆಡುಮಾತು ಕೋಶಗಳಿಗೆ ಕಾಯಲಿಲ್ಲ. ಹೊಳೆಯಾಚೆ ‘ಲಗೂ ಬಾ’, ಈಚೆ ‘ಬೇಗ ಬಾ’, ಪೇಟೆಯಲ್ಲಿ ‘ಜಲ್ದಿ ಬಾ’ ಎನ್ನುವುದು ರೂಢಿ. ಆದರೆ ಹರಿಹರ, ದಾವಣಗೆರೆಗಳಲ್ಲಿ ಮೂರೂ ಕಿವಿಗೆ ಬೀಳುತ್ತವೆ. ಲಗು ಎಂಬುದು ಅಮರಕೋಶದ ಆ ಲಘುವೇ. ಜಲ್ದಿ ಪಾರಸಿಯಿಂದ ಉರ್ದುವಿನ ಮೂಲಕ ಬಂದದ್ದು. ದೌಡು ಹಿಂದಿ, ಉರ್ದುಗಳಿಂದ ಬಂದು ‘ದೌಡಾಯಿಸು’ ಎಂಬ ಪೂರ್ಣ ಕ್ರಿಯಾಪದವಾಗಿ ಕನ್ನಡದಲ್ಲಿ ನೆಲೆಸಿತು.

ಇಂಗ್ಲಿಷಿನ ಮಾತುಗಳಿಗೆ ಆ ಭಾಗ್ಯ ಸಿಕ್ಕಿಲ್ಲ. ಅವು ಕನ್ನಡಕ್ಕೆ ಬರುವಾಗ ನಾಮಪದಗಳಾಗಿ ನಿಂತು, ಮಾಡು, ಆಗು, ಹೊಡೆ ಎಂಬ ನೆರವಿನ ಕ್ರಿಯೆಗಳನ್ನು ಬೇಡುತ್ತವೆ: ಜಂಪ್ ಮಾಡು, ಎಸ್ಕೇಪ್ ಆಗು, ರೌಂಡ್ ಹೊಡೆ. ಕೆಲವು ಅರ್ಥವನ್ನೇ ಬದಲಿಸಿಕೊಂಡವು. ದಾವಣಗೆರೆಯ ಬಸ್ ನಿಲ್ದಾಣದಲ್ಲಿ ‘ಬಸ್ಸು ರಷ್ ಇದೆ’ ಎಂದರೆ ಬಸ್ಸು ಓಡುತ್ತಿದೆ ಎಂದಲ್ಲ, ಕಾಲಿಡಲು ಜಾಗವಿಲ್ಲ ಎಂದು. ‘ಅರ್ಜೆಂಟ್ ಮಾಡಬೇಡ’ ಎನ್ನುವಲ್ಲಿ ವಿಶೇಷಣವಾಗಿದ್ದ ಮಾತು ಅವಸರದ ಹೆಸರಾಗಿದೆ. ರನ್ ಎಂಬುದು ಕ್ರಿಕೆಟಿನ ಎಣಿಕೆಯಾಗಿ ಪತ್ರಿಕೆಗಳಲ್ಲಿ ಉಳಿದಿದೆ. ಆ ರನ್ ಗಳಿಸುವವರು ಕನ್ನಡದಲ್ಲಿ ಇಂದಿಗೂ ಓಡುತ್ತಾರೆ.