ಜಟ್ಟಿಯ ಪೆಟ್ಟು, ಕಾನೂನಿನ ಪಟ್ಟು

ಕರಾಟೆಯಲ್ಲಿ ಕಪ್ಪು ಪಟ್ಟಿ ಪಡೆದವನು ತನ್ನ ಎರಡೂ ಕೈಗಳನ್ನು ಪೊಲೀಸ್ ಠಾಣೆಯಲ್ಲಿ ಆಯುಧವೆಂದು ನೋಂದಾಯಿಸಬೇಕೇ? ಕರಾಟೆ ತರಗತಿಗೆ ಹೋಗುವ ಹುಡುಗರಲ್ಲಿ ಅನೇಕರು ಹೌದೆಂದೇ ನಂಬಿದ್ದಾರೆ. ಸಿನಿಮಾಗಳೂ ಈ ನಂಬಿಕೆಗೆ ನೀರೆರೆದಿವೆ. ಸರಿಯುತ್ತರ ಮಾತ್ರ ‘ಇಲ್ಲ’. ಭಾರತದ ಯಾವ ಕಾನೂನೂ ಕೈಕಾಲುಗಳಿಗೆ ಪರವಾನಗಿ ಕೇಳುವುದಿಲ್ಲ. ಕೈ ಹಾಗಿರಲಿ, ಹಲ್ಲು ಆಯುಧವೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. ಬೆರಳು ಕಚ್ಚಿದ ಪ್ರಕರಣವೊಂದರಲ್ಲಿ, ಮನುಷ್ಯನ ಹಲ್ಲನ್ನು ಮಾರಕ ಆಯುಧವೆಂದು ಪರಿಗಣಿಸಲಾಗದು ಎಂದು ನ್ಯಾಯಾಲಯ 2004ರಲ್ಲಿ ಹೇಳಿತು. ಕಚ್ಚಿದವನಿಗೆ ಶಿಕ್ಷೆ ತಪ್ಪಲಿಲ್ಲ. ಶಿಕ್ಷೆಯ ಕಲಮು ಮಾತ್ರ ಬದಲಾಯಿತು.

ಇವು ಸುಲಭದ ಪ್ರಶ್ನೆಗಳು. ಕಷ್ಟದ್ದು ಬೇರೆಯೇ ಇದೆ. ಇಬ್ಬರು ಪರಸ್ಪರ ಒಪ್ಪಿ, ಹತ್ತಾರು ಜನರ ಎದುರಿಗೆ ಹೊಡೆದಾಡಿ ರಕ್ತ ಹರಿಸಿದರೆ ಅದು ಆಟವೋ ಅಪರಾಧವೋ? ಇದಕ್ಕೆ ಉತ್ತರ ಹುಡುಕಲು ಜಪಾನಿಗೆ ಹೋಗಬೇಕಾಗಿಲ್ಲ. ಕೃಷ್ಣರಾಜಸಾಗರದ ಅಣೆಕಟ್ಟೆಯಿಂದ ಕಾವೇರಿಯ ಜಾಡು ಹಿಡಿದು ಕೆಳಗಿಳಿದರೆ ಸಿಗುವ ಶ್ರೀರಂಗಪಟ್ಟಣದ ಚರಿತ್ರೆಯೇ ಸಾಕು.

ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡು ಅಲ್ಲಿ ನವರಾತ್ರಿ ಉತ್ಸವ ಆರಂಭಿಸಿದ್ದು 1610ರಲ್ಲಿ. ಸಿಂಹಾಸನದಂತೆಯೇ ಉತ್ಸವದ ಸಂಪ್ರದಾಯವೂ ವಿಜಯನಗರದಿಂದ ಬಂದ ಬಳುವಳಿ. ಆ ಬಳುವಳಿಯಲ್ಲಿ ಕುಸ್ತಿಗೆ ದೊಡ್ಡ ಪಾಲಿತ್ತು. ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ ಹಂಪಿಯ ಮಹಾನವಮಿಯನ್ನು ಕಣ್ಣಾರೆ ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಅಲ್ಲಿನ ಮಲ್ಲರ ಕಾಳಗ ತಮ್ಮ ದೇಶದ ಕುಸ್ತಿಯಂತಲ್ಲ ಎಂದು ಬೆರಗಾಗಿ ಬರೆದಿದ್ದಾನೆ. ಹೊಡೆತಕ್ಕೆ ಹಲ್ಲು ಮುರಿಯುತ್ತಿತ್ತು, ಕಣ್ಣು ಹೋಗುತ್ತಿತ್ತು, ಮುಖ ವಿಕಾರವಾಗುತ್ತಿತ್ತು. ಮಾತು ನಿಂತುಹೋದವರನ್ನು ಗೆಳೆಯರು ಹೊತ್ತೊಯ್ಯುತ್ತಿದ್ದರು. ಇಬ್ಬರನ್ನೂ ಸಮಬಲವಾಗಿ ಕಣಕ್ಕಿಳಿಸಲು, ಗೆದ್ದವನಿಗೆ ಗೌರವ ನಿರ್ಧರಿಸಲು ತೀರ್ಪುಗಾರರು ಇರುತ್ತಿದ್ದರು ಎಂಬುದನ್ನೂ ಪಾಯೆಸ್ ಗಮನಿಸಿದ್ದಾನೆ. ಹಲ್ಲು, ಕಣ್ಣು, ಮುಖ ಎಂಬ ಈ ಮೂರನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಕಾನೂನಿನ ಪುಸ್ತಕದಲ್ಲಿ ಇವು ಮತ್ತೆ ಬರುತ್ತವೆ.

ಪಾಯೆಸನ ನಂತರ ಬಂದ ನೂನಿಜ್ ಇನ್ನೂ ಕುತೂಹಲದ ಸಂಗತಿ ಹೇಳುತ್ತಾನೆ. ವಿಜಯನಗರದಲ್ಲಿ ದ್ವಂದ್ವಯುದ್ಧ ಮಾಡುವವರಿಗೆ ಬಹಳ ಮರ್ಯಾದೆ. ಸತ್ತವನ ಆಸ್ತಿ ಬದುಕುಳಿದವನಿಗೆ ಸೇರುತ್ತಿತ್ತು. ಆದರೆ ಒಂದು ಷರತ್ತು: ಮಂತ್ರಿಯ ಅಪ್ಪಣೆಯಿಲ್ಲದೆ ಯಾರೂ ಕತ್ತಿ ಹಿರಿಯುವಂತಿರಲಿಲ್ಲ. ಅಂದರೆ ಅಂದಿನ ಲೆಕ್ಕದಲ್ಲಿ ಇಬ್ಬರ ಒಪ್ಪಿಗೆಯಷ್ಟೇ ಸಾಲದು, ಮೂರನೆಯದಾಗಿ ದೊರೆತನದ ಒಪ್ಪಿಗೆಯೂ ಬೇಕು. ಅದೊಂದು ಸಿಕ್ಕಿದರೆ ಕೊಲೆಯೂ ಕೊಲೆಯಲ್ಲ.

ಶ್ರೀರಂಗಪಟ್ಟಣದ ದೊರೆಗಳಲ್ಲಿ ಒಬ್ಬರು ಸ್ವತಃ ಇಂಥ ಕಣಕ್ಕೆ ಇಳಿದವರೆಂದು ಪ್ರತೀತಿ. 1638ರಿಂದ 1659ರವರೆಗೆ ಆಳಿದ ರಣಧೀರ ಕಂಠೀರವ ನರಸರಾಜ ಒಡೆಯರ ಕತೆ ಹಳೇ ಮೈಸೂರಿನಲ್ಲಿ ಗೊತ್ತಿಲ್ಲದವರಿಲ್ಲ. ತಿರುಚಿನಾಪಳ್ಳಿಯ ಜಟ್ಟಿಯೊಬ್ಬ ತನ್ನ ಚಲ್ಲಣವನ್ನು ಊರ ಬಾಗಿಲಿಗೆ ಕಟ್ಟಿಸಿ, ಬಂದವರೆಲ್ಲ ಅದರ ಕೆಳಗೇ ತಲೆ ತಗ್ಗಿಸಿ ನುಸುಳಬೇಕೆಂದು ಮೆರೆಯುತ್ತಿದ್ದನಂತೆ. ಪಟ್ಟಕ್ಕೆ ಬರುವ ಮೊದಲು ವೇಷ ಮರೆಸಿಕೊಂಡು ಅಲ್ಲಿಗೆ ಹೋದ ಕಂಠೀರವರು ಅವನನ್ನು ಕಾಳಗದಲ್ಲಿ ಮುಗಿಸಿ, ಬಹುಮಾನಕ್ಕೂ ಕಾಯದೆ ಹಿಂತಿರುಗಿದರು ಎನ್ನುತ್ತದೆ ಐತಿಹ್ಯ. 1960ರ ‘ರಣಧೀರ ಕಂಠೀರವ’ ಚಿತ್ರದಲ್ಲಿ ರಾಜ್‌ಕುಮಾರ್ ಈ ದೊರೆಯ ಪಾತ್ರ ವಹಿಸಿದ ಮೇಲಂತೂ ಕಂಠೀರವರ ಹೆಸರು ಹಳ್ಳಿಹಳ್ಳಿಗೂ ತಲುಪಿತು. ಕತೆಯಲ್ಲಿ ಎಷ್ಟು ಇತಿಹಾಸ, ಎಷ್ಟು ಅಭಿಮಾನ ಎಂದು ಅಳೆಯುವುದು ಕಷ್ಟ. ಆದರೆ ದೊರೆಯನ್ನು ಹೊಗಳಲು ಕುಸ್ತಿಯ ಕಣವನ್ನೇ ಆಯ್ದುಕೊಂಡ ಜನರ ಮನಸ್ಸು ಅದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಇನ್ನು ಜಟ್ಟಿಗಳ ವಿಚಾರ. ಇಂದು ‘ಜಟ್ಟಿ’ ಎಂದರೆ ಕನ್ನಡದಲ್ಲಿ ಯಾವ ಪೈಲ್ವಾನನಾದರೂ ಆದಾನು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಗಾದೆಯಲ್ಲಿರುವುದು ಅಂಥ ಜಟ್ಟಿಯೇ. ಮೂಲದಲ್ಲಿ ಅದೊಂದು ಸಮುದಾಯದ ಹೆಸರು. ಗುಜರಾತಿನ ಮೊಢೇರಾದ ಜ್ಯೇಷ್ಠಿಮಲ್ಲರೊಂದಿಗೆ ಅವರ ನಂಟು ಹೇಳಲಾಗುತ್ತದೆ. ಈ ಜ್ಯೇಷ್ಠಿಮಲ್ಲರಿಗೆಂದೇ ‘ಮಲ್ಲಪುರಾಣ’ ಎಂಬ ಸಂಸ್ಕೃತ ಗ್ರಂಥವಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ ‘ಮಾನಸೋಲ್ಲಾಸ’ದಲ್ಲಿಯೂ ಮಲ್ಲರ ದರ್ಜೆ, ಆಹಾರ, ವ್ಯಾಯಾಮ, ಪಟ್ಟುಗಳಿಗೆ ಒಂದು ಅಧ್ಯಾಯವೇ ಮೀಸಲಾಗಿದೆ.

ಮೈಸೂರು ಸೀಮೆಯ ಜಟ್ಟಿಗಳ ಹೆಗ್ಗುರುತು ವಜ್ರಮುಷ್ಟಿ. 19ನೇ ಶತಮಾನದ ಆರಂಭದಲ್ಲಿ ಮೈಸೂರಿನ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ ತನ್ನ ಇತಿಹಾಸ ಗ್ರಂಥದಲ್ಲಿ ಅದನ್ನು ವಿವರವಾಗಿ ಬಣ್ಣಿಸಿದ್ದಾನೆ. ಅರ್ಧ ತೊಡೆ ಮುಚ್ಚುವ ಕಿತ್ತಳೆ ಬಣ್ಣದ ಚಲ್ಲಣ. ಬಲಗೈಯಲ್ಲಿ ಎಮ್ಮೆಕೊಂಬಿನಿಂದ ಮಾಡಿದ ಆಯುಧ. ಅದರಲ್ಲಿ ಬೆರಳ ಗೆಣ್ಣುಗಳ ನೇರಕ್ಕೆ ನಾಲ್ಕು ಚೂಪಾದ ಮೊನೆಗಳು, ಕಿರುಬೆರಳ ಕಡೆಗೆ ಚಾಚಿದ ಐದನೆಯದೊಂದು ದೊಡ್ಡ ಮೊನೆ. ಇದನ್ನು ತೊಟ್ಟು ಹೊಡೆಯುವುದೂ ಉಂಟು, ಪಟ್ಟು ಹಾಕಿ ಕೆಡವುವುದೂ ಉಂಟು. ರಾಜಧಾನಿ ಮೈಸೂರಿಗೆ ಬಂದ ಮೇಲೂ ಪದ್ಧತಿ ಮುಂದುವರಿಯಿತು. ಇಂದಿಗೂ ವಿಜಯದಶಮಿಯ ಬೆಳಿಗ್ಗೆ ಮೈಸೂರು ಅರಮನೆಯ ಕರಿಕಲ್ಲು ತೊಟ್ಟಿಯಲ್ಲಿ ತಲೆ ಬೋಳಿಸಿಕೊಂಡ ಜಟ್ಟಿಗಳು ಎದುರುಬದುರು ನಿಲ್ಲುತ್ತಾರೆ. ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರಗಳಿಂದ ಜೋಡಿ ಆರಿಸುವುದು ವಾಡಿಕೆ. ಒಬ್ಬನ ತಲೆಯಿಂದ ಮೊದಲ ರಕ್ತ ಚಿಮ್ಮಿದ್ದೇ ತಡ, ಹಿರಿಯರು ನಡುವೆ ನುಗ್ಗಿ ಕಾಳಗ ನಿಲ್ಲಿಸುತ್ತಾರೆ. ಎಲ್ಲ ಮುಗಿಯಲು ಒಂದೆರಡು ನಿಮಿಷವೂ ಹಿಡಿಯುವುದಿಲ್ಲ.

ಈ ಗೌರವದ ಬೆನ್ನಿಗೇ ಕತ್ತಲೆಯ ಒಂದು ಪುಟವಿದೆ. ದಸರೆಯ ಕಣದಲ್ಲಿ ಮೆರೆದ ಕೈಗಳನ್ನೇ ಪ್ರಭುತ್ವ ಮರಣದಂಡನೆಗೂ ಬಳಸಿಕೊಂಡಿತು. ಮೈಸೂರಿನಲ್ಲಿ ಜಟ್ಟಿಗಳು ಕೆಲವೊಮ್ಮೆ ವಧಕಾರರಾಗಿಯೂ ಇದ್ದರು, ಕತ್ತು ತಿರುಚಿ ಕೊಲ್ಲುತ್ತಿದ್ದರು ಎಂದು ಎಡ್ಗರ್ ಥರ್ಸ್ಟನ್ 1909ರ ತನ್ನ ಗ್ರಂಥದಲ್ಲಿ ದಾಖಲಿಸಿದ್ದಾನೆ. ಹೆಚ್ಚು ಪ್ರಚಾರ ಪಡೆದದ್ದು 1799ರ ಘಟನೆ. ಆ ವರ್ಷ ಏಪ್ರಿಲ್ 5ರ ರಾತ್ರಿ ಶ್ರೀರಂಗಪಟ್ಟಣದ ಹೊರಗಿನ ಸುಲ್ತಾನ್‌ಪೇಟೆ ತೋಪಿನ ಮೇಲೆ ಆರ್ಥರ್ ವೆಲ್ಲೆಸ್ಲಿ ನಡೆಸಿದ ದಾಳಿ ವಿಫಲವಾಯಿತು. ಕತ್ತಲಲ್ಲಿ ದಾರಿ ತಪ್ಪಿ ಸೆರೆಸಿಕ್ಕ ಹನ್ನೆರಡು ಮಂದಿ ಬಿಳಿಯ ಸಿಪಾಯಿಗಳನ್ನು ಕೋಟೆಯೊಳಗೆ ಜಟ್ಟಿಗಳ ಕೈಯಿಂದ ಕೊಲ್ಲಿಸಲಾಯಿತು ಎನ್ನುತ್ತವೆ ಬ್ರಿಟಿಷ್ ಬರಹಗಳು.

ಗೆದ್ದವರು ಬರೆದ ಈ ವಿವರಗಳನ್ನು ಒಂದು ಚಿಟಿಕೆ ಅನುಮಾನದೊಂದಿಗೇ ಓದಬೇಕು. ಟಿಪ್ಪುವನ್ನು ಕ್ರೂರಿಯೆಂದು ತೋರಿಸಿದಷ್ಟೂ ಕಂಪನಿಯ ಯುದ್ಧಕ್ಕೆ ಸಮರ್ಥನೆ ಸಿಗುತ್ತಿತ್ತು. ಆದರೆ ಜಟ್ಟಿಗಳು ದಂಡನೆಯ ಕೆಲಸ ಮಾಡಿದ್ದರು ಎಂಬ ಮೂಲ ಸಂಗತಿ ಒಂದೇ ಬಾಯಿಯ ಮಾತಲ್ಲ. ಹಾಗೆಂದು ದೋಷವನ್ನು ಜಟ್ಟಿಗಳ ತಲೆಗೆ ಕಟ್ಟುವುದೂ ನ್ಯಾಯವಲ್ಲ. ನೇಣುಗಂಬದ ಹಗ್ಗ ಎಳೆಯುವವನು ತೀರ್ಪು ಬರೆದವನಲ್ಲ. ಅದೇ ಜಟ್ಟಿಗಳು ಉಳುಕಿದ, ತಪ್ಪಿದ ಕೀಲುಗಳನ್ನು ಕೂರಿಸುವುದರಲ್ಲಿ ನಿಪುಣರೆಂಬ ಮಾತೂ ಹಳೆಯ ದಾಖಲೆಗಳಲ್ಲಿದೆ. ಕೀಲು ತಪ್ಪಿಸಬಲ್ಲವನಿಗೆ ಕೂರಿಸುವುದೂ ಗೊತ್ತಿರುತ್ತದೆ.

ಹಾಗಾದರೆ ಕರಿಕಲ್ಲು ತೊಟ್ಟಿಯ ಪೆಟ್ಟಿಗೂ ಕೋಟೆಯೊಳಗಿನ ಪೆಟ್ಟಿಗೂ ಏನು ವ್ಯತ್ಯಾಸ? ಕೈ ಒಂದೇ, ವಿದ್ಯೆಯೂ ಒಂದೇ. ಒಂದೆಡೆ ಎದುರಿಗಿದ್ದವನೂ ಜಟ್ಟಿ, ಒಪ್ಪಿ ಬಂದವನು. ಇನ್ನೊಂದೆಡೆ ಎದುರಿಗಿದ್ದವನು ಕೈಕಟ್ಟಿಸಿಕೊಂಡ ಸೆರೆಯಾಳು. ಈ ಒಪ್ಪಿಗೆ ಎಂಬ ಎಳೆಯನ್ನೇ ಹಿಡಿದು ಕಾನೂನು ಹೆಣೆದವನು ಥಾಮಸ್ ಮೆಕಾಲೆ. 1837ರಲ್ಲಿ ಅವನ ನೇತೃತ್ವದ ಆಯೋಗ ಕರಡು ಸಿದ್ಧಪಡಿಸಿತು. ಅದು ಭಾರತೀಯ ದಂಡ ಸಂಹಿತೆಯಾಗಿ ಅಂಗೀಕಾರ ಪಡೆದದ್ದು 1860ರಲ್ಲಿ, ಜಾರಿಗೆ ಬಂದದ್ದು 1862ರ ಜನವರಿ 1ರಂದು.

ಆ ಸಂಹಿತೆಯ 87ನೇ ಕಲಮಿನಲ್ಲಿ ಒಂದು ಚಿಕ್ಕ ಉದಾಹರಣೆಯಿದೆ. ಇಬ್ಬರು ಮನರಂಜನೆಗಾಗಿ ಕತ್ತಿವರಸೆ ಆಡಲು ಒಪ್ಪುತ್ತಾರೆ. ಮೋಸವಿಲ್ಲದ ಆಟದಲ್ಲಿ ಆಗಬಹುದಾದ ನೋವಿಗೂ ಇಬ್ಬರೂ ಒಪ್ಪಿದ್ದಾರೆಂದೇ ಅದರ ಅರ್ಥ. ಹಾಗಾಗಿ ನ್ಯಾಯವಾಗಿ ಆಡುತ್ತಾ ಒಬ್ಬನು ಇನ್ನೊಬ್ಬನನ್ನು ಗಾಯಗೊಳಿಸಿದರೆ ಅದು ಅಪರಾಧವಲ್ಲ. 2024ರ ಜುಲೈ 1ರಂದು ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಾಗ ಎಷ್ಟೋ ಕಲಮುಗಳು ಬದಲಾದವು. ಈ ಕತ್ತಿವರಸೆಯ ಉದಾಹರಣೆ ಮಾತ್ರ 25ನೇ ಕಲಮಿನ ಕೆಳಗೆ ಹಾಗೆಯೇ ಉಳಿಯಿತು. ಗರಡಿಮನೆಯ ಕುಸ್ತಿಗೂ ಕಾಲೇಜಿನ ಬಾಕ್ಸಿಂಗಿಗೂ ಆಧಾರ ಇದೇ.

ಆದರೆ ಒಪ್ಪಿಗೆಗೆ ಬೇಲಿಯಿದೆ. ಸಾವನ್ನಾಗಲಿ ತೀವ್ರ ಗಾಯವನ್ನಾಗಲಿ ಮಾಡುವ ಉದ್ದೇಶವಿರಬಾರದು. ಹಾಗಾಗುವ ಸಂಭವವಿದೆ ಎಂದು ಹೊಡೆಯುವವನಿಗೆ ತಿಳಿದಿರಲೂಬಾರದು. ತೀವ್ರ ಗಾಯವೆಂದರೆ ಯಾವುದು? ಕಾನೂನು ಎಂಟು ಬಗೆ ಎಣಿಸುತ್ತದೆ. ಅದರಲ್ಲಿ ಕಣ್ಣು ಕಳೆಯುವುದಿದೆ, ಮುಖ ಶಾಶ್ವತವಾಗಿ ವಿಕಾರವಾಗುವುದಿದೆ, ಮೂಳೆ ಅಥವಾ ಹಲ್ಲು ಮುರಿಯುವುದಿದೆ. ಪಾಯೆಸ್ ಹಂಪಿಯಲ್ಲಿ ಕಂಡ ಮೂರಕ್ಕೆ ಮೂರೂ ಇಲ್ಲಿವೆ. ಕೃಷ್ಣದೇವರಾಯನ ಎದುರಿಗೆ ಬಹುಮಾನ ಗೆದ್ದ ಮಲ್ಲ ಇಂದು ಅದೇ ರೀತಿ ಬೇಕೆಂದೇ ಹೊಡೆದರೆ, ಎದುರಾಳಿಯ ಒಪ್ಪಿಗೆಪತ್ರ ಜೇಬಿನಲ್ಲಿದ್ದರೂ ಅವನಿಗೆ ರಕ್ಷಣೆಯಿಲ್ಲ.

ವಜ್ರಮುಷ್ಟಿಯನ್ನು ಈ ಅಳತೆಗೋಲಿನಲ್ಲಿ ಇಟ್ಟು ನೋಡಬಹುದು. ಕೈಯಲ್ಲಿ ಮೊನೆಯುಳ್ಳ ಆಯುಧವಿದೆ, ಗುರಿ ತಲೆ. ಮೇಲ್ನೋಟಕ್ಕೆ ಅಪಾಯದ ಎಲ್ಲ ಲಕ್ಷಣಗಳೂ ಇವೆ. ಆದರೆ ಮೊದಲ ಹನಿ ರಕ್ತಕ್ಕೇ ನಿಲ್ಲಬೇಕೆಂಬ ಕಟ್ಟಳೆ, ಪಕ್ಕದಲ್ಲೇ ಕಾದು ನಿಂತ ಹಿರಿಯರು, ಆರಿಸಿದ ಸರಿಜೋಡಿ, ಇವೆಲ್ಲ ಸೇರಿ ಕಾಳಗವನ್ನು ಸಾಮಾನ್ಯ ಗಾಯದ ಗೆರೆಯೊಳಗೇ ಕಟ್ಟಿಹಾಕುತ್ತವೆ. ಮೆಕಾಲೆಯ ಕಲಮನ್ನು ಓದಿ ಜಟ್ಟಿಗಳು ಈ ನಿಯಮ ಮಾಡಿಕೊಳ್ಳಲಿಲ್ಲ. ಹಾಗಿದ್ದೂ ಎರಡೂ ಒಂದೇ ಗೆರೆಗೆ ಬಂದು ನಿಂತಿವೆ.

ಇಂಗ್ಲೆಂಡಿನಲ್ಲಿ ಬೇರೆಯದೇ ಕತೆ. ಅಲ್ಲಿ ಬರಿಗೈ ಮುಷ್ಟಿಕಾಳಗಕ್ಕೆ ಹಣ ಕಟ್ಟಿ ಆಡಿಸುವ ಹುಚ್ಚು ಜೋರಾಗಿತ್ತು. 1882ರ ಕೋನಿ ಪ್ರಕರಣದಲ್ಲಿ ನ್ಯಾಯಾಧೀಶರು ಅಂಥ ಕಾಳಗ ಕಾನೂನುಬಾಹಿರ, ಕಾದಾಡುವವರ ಒಪ್ಪಿಗೆ ಅದಕ್ಕೆ ಸಮರ್ಥನೆಯಾಗದು ಎಂದರು. ಕೈಗವಸು ತೊಟ್ಟು ನಿಯಮದಂತೆ ಆಡುವ ಬಾಕ್ಸಿಂಗ್ ಉಳಿಯಿತು, ಬರಿಗೈಯದು ಮರೆಯಾಯಿತು.

ಇವೆಲ್ಲ ಹಳೆಯ ಪುಸ್ತಕದ ಚರ್ಚೆಯಲ್ಲ. 2022ರ ಜುಲೈನಲ್ಲಿ ಬೆಂಗಳೂರಿನಲ್ಲಿ ನಡೆದ ಕಿಕ್ ಬಾಕ್ಸಿಂಗ್ ಸ್ಪರ್ಧೆಯೊಂದರಲ್ಲಿ ಪೆಟ್ಟು ತಿಂದು ಕುಸಿದ ಮೈಸೂರಿನ ಯುವಕನೊಬ್ಬ ಆಸ್ಪತ್ರೆಯಲ್ಲಿ ಮೃತಪಟ್ಟ. ಮನೆಯವರು ದೂರಿದ್ದು ಸ್ಪರ್ಧೆಯ ಏರ್ಪಾಡಿನ ಬಗ್ಗೆ. ನಿರ್ಲಕ್ಷ್ಯದಿಂದ ಸಾವು ಎಂಬ ಕಲಮಿನಡಿ ಪೊಲೀಸರು ಪ್ರಕರಣ ದಾಖಲಿಸಿದರು. ಕಣಕ್ಕಿಳಿದವನು ಒಪ್ಪುವುದು ಎದುರಾಳಿಯ ನ್ಯಾಯವಾದ ಪೆಟ್ಟಿಗೆ; ವೈದ್ಯರಿಲ್ಲದ, ಸರಿಯಾದ ಅಂಕಣವಿಲ್ಲದ ಕಣಕ್ಕೆ ಯಾರೂ ಒಪ್ಪಿ ಬರುವುದಿಲ್ಲ. ವಜ್ರಮುಷ್ಟಿಯಲ್ಲಿ ಹಿರಿಯರು ಅಷ್ಟು ಹತ್ತಿರ ನಿಲ್ಲುವುದೇಕೆಂದು ಇದರಿಂದ ತಿಳಿಯುತ್ತದೆ.

ಬೀದಿಯಲ್ಲಿ ಮೈಮೇಲೆ ಬಿದ್ದವನನ್ನು ಹೊಡೆಯುವ ಹಕ್ಕು ಬೇರೆ. ಆತ್ಮರಕ್ಷಣೆಗೆ ಒಪ್ಪಿಗೆ ಬೇಕಿಲ್ಲ, ಆದರೆ ಅಗತ್ಯಕ್ಕಿಂತ ಹೆಚ್ಚು ಹೊಡೆಯುವಂತಿಲ್ಲ. ಇನ್ನು ದೊಣ್ಣೆವರಸೆಯವರಿಗೊಂದು ನೆಮ್ಮದಿಯ ಮಾತು. 1959ರ ಶಸ್ತ್ರಾಸ್ತ್ರ ಕಾಯ್ದೆ ಮನೆಗೆ, ಬೇಸಾಯಕ್ಕೆ ಬಳಸುವ ವಸ್ತುಗಳನ್ನು ಆಯುಧದ ವ್ಯಾಖ್ಯೆಯಿಂದ ಹೊರಗಿಡುವಾಗ ಲಾಠಿಯನ್ನೂ ಊರುಗೋಲನ್ನೂ ಹೆಸರಿಸಿಯೇ ಬಿಟ್ಟಿದೆ. ಬಂದೂಕಿನ ಪರವಾನಗಿಯಿಂದಲೇ ವಿನಾಯಿತಿ ಪಡೆದ ಕೊಡವರದು ಇನ್ನೂ ದೊಡ್ಡ ಅದೃಷ್ಟ. ಬ್ರಿಟಿಷರ ಕಾಲದ ಆ ವಿನಾಯಿತಿಯನ್ನು ಕರ್ನಾಟಕ ಹೈಕೋರ್ಟ್ 2021ರಲ್ಲಿ ಎತ್ತಿಹಿಡಿಯಿತು.

ಕೊನೆಗೊಂದು ಪ್ರಶ್ನೆ, ಗರಡಿಮನೆಯ ಉಸ್ತಾದರು ಯೋಚಿಸಬೇಕಾದದ್ದು. 25ನೇ ಕಲಮಿನ ಒಪ್ಪಿಗೆ ಕೊಡಲು 18 ವರ್ಷ ದಾಟಿರಬೇಕು. 12 ವರ್ಷದೊಳಗಿನ ಮಕ್ಕಳ ಪರವಾಗಿ ಪೋಷಕರು ಒಪ್ಪಿಗೆ ಕೊಡಲು 27ನೇ ಕಲಮು ಇದೆ. ಹಾಗಾದರೆ ಕೆಮ್ಮಣ್ಣಿನ ಅಖಾಡದಲ್ಲಿ ಸಾಮು ಮಾಡುವ 15ರ ಹುಡುಗ ಯಾವ ಕಲಮಿಗೆ ಸೇರಿದವನು? ನೇರವಾಗಿ ಎರಡಕ್ಕೂ ಅಲ್ಲ. ಅವನ ಒಳಿತಿಗಾಗಿ ಸದ್ಭಾವನೆಯಿಂದ ಕಲಿಸುತ್ತಿದ್ದೆ ಎಂದು ಉಸ್ತಾದರು 26ನೇ ಕಲಮಿನ ಮೊರೆಹೋಗಬೇಕು. ಆ ಕಲಮಿನ ಕೆಳಗೆ ಕೊಟ್ಟಿರುವ ಉದಾಹರಣೆ ಕುಸ್ತಿಯದಲ್ಲ, ರೋಗಿಯ ಒಪ್ಪಿಗೆ ಪಡೆದು ಶಸ್ತ್ರಚಿಕಿತ್ಸೆ ಮಾಡುವ ವೈದ್ಯನದು.