ಸಂಪತ್ತಿನ ವೃದ್ಧಿಯೂ ಬಡತನದ ನಿವಾರಣೆಯೂ

ರಾಷ್ಟ್ರದ ವರಮಾನ ಏರಿದರೆ ಬಡತನ ತಾನಾಗಿಯೇ ನೀಗುವುದೆಂಬ ನಂಬಿಕೆ ಬಹುಕಾಲದಿಂದಲೂ ಇದೆ. ಆದರೆ ಸರಾಸರಿಯೊಂದನ್ನೇ ನೋಡಿ ತೀರ್ಮಾನಿಸುವುದು ಸಲ್ಲದು. ಹತ್ತು ಮನೆಗಳ ಓಣಿಯಲ್ಲಿ ಒಬ್ಬ ಸಾಹುಕಾರನ ಗಳಿಕೆ ಇಮ್ಮಡಿಯಾದರೂ ಓಣಿಯ ಸರಾಸರಿ ಏರುತ್ತದೆ. ಉಳಿದ ಒಂಬತ್ತು ಒಲೆಗಳ ಮೇಲೆ ಬೇಯುವ ಅಕ್ಕಿ ಹೆಚ್ಚುವುದಿಲ್ಲ.

1955ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಸೈಮನ್ ಕುಜ್ನೆಟ್ಸರು ಪ್ರಬಂಧವೊಂದನ್ನು ಪ್ರಕಟಿಸಿದರು. ದೇಶವು ಬೇಸಾಯದಿಂದ ಕೈಗಾರಿಕೆಯತ್ತ ತಿರುಗುವಾಗ ವರಮಾನದ ಅಂತರ ಮೊದಲು ಹಿಗ್ಗಿ, ಕಾಲಕ್ರಮದಲ್ಲಿ ಕುಗ್ಗುವುದೆಂಬುದು ಅವರ ಊಹೆ. ತಮ್ಮ ಬರಹದಲ್ಲಿ ನೂರಕ್ಕೆ ಐದು ಪಾಲು ಮಾತ್ರ ಅಂಕಿಅಂಶ, ಉಳಿದುದೆಲ್ಲ ಊಹೆಯೆಂದು ಅವರೇ ಎಚ್ಚರಿಸಿದ್ದರು. ಆದರೂ ಮೊದಲು ಬೆಳವಣಿಗೆ, ಹಂಚಿಕೆ ಆಮೇಲೆ ಎಂಬ ವಾದಕ್ಕೆ ಅದು ಆಧಾರವಾಯಿತು. ಈ ವಾದವನ್ನು ಎರಡು ನಾಡುಗಳ ಚರಿತ್ರೆಯಿಂದ ಒರೆಹಚ್ಚಿ ನೋಡಬಹುದು.

ಬ್ರೆಜಿಲಿನಲ್ಲಿ 1964ರಲ್ಲಿ ಸೇನೆ ಅಧಿಕಾರ ಹಿಡಿಯಿತು. 1968ರಿಂದ 1973ರವರೆಗೆ ಅಲ್ಲಿನ ಉತ್ಪನ್ನವು ವರ್ಷಕ್ಕೆ ಸರಾಸರಿ ಶೇಕಡಾ 10ಕ್ಕೂ ಮಿಗಿಲಾಗಿ ಬೆಳೆಯಿತು. ಜಗತ್ತು ಅದನ್ನು ಪವಾಡವೆಂದಿತು. ಆದರೆ 1960 ಮತ್ತು 1970ರ ಜನಗಣತಿಗಳನ್ನು ಹೋಲಿಸಿದಾಗ, ಮೇಲಿನ ಹತ್ತನೆಯ ಒಂದು ಭಾಗದವರ ಪಾಲು ಸುಮಾರು 40ರಿಂದ 47ಕ್ಕೆ ಏರಿ, ಕೆಳಗಿನ ಅರ್ಧ ಜನರ ಪಾಲು 17ರಿಂದ 15ಕ್ಕೆ ಇಳಿದುದು ಕಂಡುಬಂದಿತು. ಭೂಮಿ ಕೆಲವರ ಕೈಯಲ್ಲಿತ್ತು. ಶಾಲೆ ಬಹುಜನರಿಗೆ ಎಟುಕಲಿಲ್ಲ. ಕಾರ್ಮಿಕ ಸಂಘಗಳ ಬಾಯಿ ಕಟ್ಟಲಾಗಿತ್ತು. ಬಡತನ ಇಳಿಯಲೇ ಇಲ್ಲವೆಂದಲ್ಲ. ಅಷ್ಟೊಂದು ಬೆಳವಣಿಗೆಯಿಂದ ಇಳಿಯಬಹುದಾಗಿದ್ದಷ್ಟು ಇಳಿಯಲಿಲ್ಲ.

ತೈವಾನ್ ದ್ವೀಪದಲ್ಲಿ ಹಂಚಿಕೆಯೇ ಮೊದಲಾಯಿತು. ಅಲ್ಲಿ ಗೇಣಿದಾರನು ಬೆಳೆಯ ಅರ್ಧವನ್ನು, ಎಷ್ಟೋ ಕಡೆ ಅದಕ್ಕಿಂತಲೂ ಹೆಚ್ಚನ್ನು, ಒಡೆಯನಿಗೆ ಅಳೆಯಬೇಕಿತ್ತು. 1949ರಲ್ಲಿ ಗೇಣಿಯನ್ನು ಶೇಕಡಾ 37.5ಕ್ಕೆ ಮಿತಗೊಳಿಸಲಾಯಿತು. 1953ರಲ್ಲಿ ಸುಮಾರು 7 ಎಕರೆಗೆ ಮೀರಿದ ಗೇಣಿ ಗದ್ದೆಯನ್ನು ಸರಕಾರ ಕೊಂಡು ಉಳುವವನಿಗೆ ಮಾರಿತು. ಬೆಲೆ ಎರಡೂವರೆ ವರ್ಷದ ಬೆಳೆ, ಹತ್ತು ವರ್ಷಗಳ ಕಂತು. ಒಡೆಯರಿಗೆ ಪರಿಹಾರವಾಗಿ ಸಾಲಪತ್ರಗಳೂ ಸರಕಾರಿ ಕಾರ್ಖಾನೆಗಳ ಷೇರುಗಳೂ ದೊರೆತವು. ಇದನ್ನು ಮಾಡಿದ್ದು ಪ್ರಜಾಪ್ರಭುತ್ವವಲ್ಲ. ಚೀನಾದ ಮುಖ್ಯಭೂಮಿಯನ್ನು ಕಳೆದುಕೊಂಡು ಬಂದು, ದ್ವೀಪದ ಜಮೀನ್ದಾರರ ಹಂಗಿಲ್ಲದಿದ್ದ ಸೇನಾಡಳಿತ. ಆದರೆ ಫಲ ಸ್ಪಷ್ಟವಾಗಿತ್ತು: ಮುಂದಿನ ದಶಕಗಳಲ್ಲಿ ಕೈಗಾರಿಕೆ ವೇಗವಾಗಿ ಬೆಳೆದರೂ ಅಂತರ ಹಿಗ್ಗಲಿಲ್ಲ, ಕುಗ್ಗಿತು.

ಬ್ರೆಜಿಲ್ ಕೂಡ ಬಳಿಕ ದಾರಿ ಬದಲಿಸಿತು. 2003ರಲ್ಲಿ ಆರಂಭವಾದ 'ಬೋಲ್ಸಾ ಫಮಿಲಿಯಾ' ಯೋಜನೆ, ಮಕ್ಕಳನ್ನು ಶಾಲೆಗೆ ಕಳುಹಿಸುವ ಬಡಕುಟುಂಬಗಳಿಗೆ ಹಣ ನೀಡಿತು; ಕನಿಷ್ಠ ಕೂಲಿಯೂ ಏರಿತು. ಆ ದಶಕದಲ್ಲಿ ಬೆಳವಣಿಗೆ ಹಿಂದಿನ ಪವಾಡದ ಅರ್ಧದಷ್ಟೂ ಇರಲಿಲ್ಲ. ಆದರೂ ಬಡವರ ಸಂಖ್ಯೆ ಗಣನೀಯವಾಗಿ ತಗ್ಗಿತು.

ಈ ಪ್ರಶ್ನೆ ನಮಗೆ ದೂರದ್ದಲ್ಲ. ದೇವರಾಜ ಅರಸರ ಕಾಲದಲ್ಲಿ, 1974ರ ತಿದ್ದುಪಡಿಯಿಂದ ಕರ್ನಾಟಕದಲ್ಲಿ ಗೇಣಿ ಪದ್ಧತಿ ರದ್ದಾದಾಗ, ಕರಾವಳಿ ಮಲೆನಾಡುಗಳಲ್ಲಿ ಅನೇಕ ಒಕ್ಕಲು ಕುಟುಂಬಗಳು ಒಡೆತನ ಪಡೆದವು. ಚಿಕ್ಕಪುಟ್ಟ ಒಡೆಯರ ಮನೆಗಳು ಕಳೆದುಕೊಂಡವು. ಈ ಎರಡು ಬಗೆಯ ಮನೆಗಳಿಂದಲೂ ನಗರಗಳಿಗೆ ಬಂದವರಿದ್ದಾರೆ. ಹಂಚಿಕೆ ನೋವಿಲ್ಲದೆ ಆಗುವುದಿಲ್ಲ. ಆದರೆ ಹಂಚಿಕೆಯಿಲ್ಲದ ವೃದ್ಧಿಯ ನೋವನ್ನು ಯಾವ ಸರಾಸರಿಯೂ ತೋರಿಸುವುದಿಲ್ಲ. ಆದುದರಿಂದ ದೇಶ ಇಷ್ಟು ಬೆಳೆಯಿತೆಂದು ಓದಿದಾಗ ಮೊತ್ತದ ಸಾಲಿನಲ್ಲೇ ನಿಲ್ಲದೆ, ಯಾರ ಖಾತೆಗೆ ಎಷ್ಟು ಜಮೆಯಾಯಿತೆಂಬುದನ್ನೂ ವಾಚಕರು ಕೇಳತಕ್ಕದ್ದು.