ಪ್ರಯಾಣದ ನಡುವೆ ಹಠಾತ್ ಗಾಬರಿ: ಕಾರಣ ಮತ್ತು ಪರಿಹಾರ

ರಾತ್ರಿ ಬಸ್ಸು ಶಿರಾಡಿ ಘಾಟಿಯನ್ನು ಇಳಿಯುವಾಗ, ರೈಲು ಸಕಲೇಶಪುರ-ಸುಬ್ರಹ್ಮಣ್ಯ ನಡುವಿನ ಸುರಂಗವನ್ನು ಹೊಕ್ಕಾಗ ಅಥವಾ ಮೆಟ್ರೊದ ಬಾಗಿಲು ಮುಚ್ಚಿಕೊಂಡಾಗ ಕೆಲವರಿಗೆ ಇದ್ದಕ್ಕಿದ್ದಂತೆ ಎದೆ ಡವಗುಟ್ಟುತ್ತದೆ. ಉಸಿರು ಕಟ್ಟಿದಂತಾಗಿ, ಬೆರಳುಗಳು ಜುಮ್ಮೆಂದು, ಪ್ರಾಣವೇ ಹೋಗುತ್ತದೆಂಬ ಭೀತಿ ಆವರಿಸುತ್ತದೆ. ವೈದ್ಯರು ಇದನ್ನು ಪ್ಯಾನಿಕ್ ಅಟ್ಯಾಕ್ ಎನ್ನುತ್ತಾರೆ. ಇದು ಮತ್ತೆ ಮತ್ತೆ ಮರುಕಳಿಸುವುದನ್ನು ಅಮೆರಿಕದ ಮನೋವೈದ್ಯರ ಸಂಘವು 1980ರ ತನ್ನ ಕೈಪಿಡಿಯಲ್ಲಿ ಪ್ರತ್ಯೇಕ ಕಾಯಿಲೆಯಾಗಿ ಗುರುತಿಸಿತು.

ದೇಹದಲ್ಲಿ ನಡೆಯುವುದೇನು?

ಅಪಾಯದಿಂದ ಪಾರಾಗಲು ದೇಹವನ್ನು ಸಜ್ಜುಗೊಳಿಸುವ ಅಡ್ರಿನಲಿನ್ ಹಾರ್ಮೋನು ಇಲ್ಲಿ ಅಪಾಯವಿಲ್ಲದೆಯೂ ಸ್ರವಿಸುತ್ತದೆ. ಹೃದಯಬಡಿತ ಏರಿ ಉಸಿರಾಟ ವೇಗವಾಗುತ್ತದೆ. ಅದರಿಂದ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ತಲೆಸುತ್ತು, ಜೋಮು ಕಾಣಿಸಿಕೊಳ್ಳುತ್ತವೆ. ಇವನ್ನೇ ಹೃದಯಾಘಾತವೆಂದು ಭಾವಿಸಿದರೆ ಭಯ ಇಮ್ಮಡಿಸುತ್ತದೆ. ಈ ವಿಷವರ್ತುಲವನ್ನು ಬ್ರಿಟನ್ನಿನ ಮನೋವಿಜ್ಞಾನಿ ಡೇವಿಡ್ ಕ್ಲಾರ್ಕ್ 1986ರಲ್ಲಿ ವಿವರಿಸಿದರು. ಸಾಮಾನ್ಯವಾಗಿ ಗಾಬರಿಯು 10 ನಿಮಿಷದೊಳಗೆ ತುತ್ತತುದಿ ಮುಟ್ಟಿ, ಅನಂತರ ತಾನಾಗಿಯೇ ಇಳಿಯುತ್ತದೆ.

ಆ ಹೊತ್ತಿನಲ್ಲಿ ಏನು ಮಾಡಬೇಕು?

* ನಾಲ್ಕು ಎಣಿಸುವಷ್ಟು ಹೊತ್ತು ಮೂಗಿನಿಂದ ಉಸಿರೆಳೆದು, ಆರು ಎಣಿಸುವಷ್ಟು ಹೊತ್ತು ನಿಧಾನವಾಗಿ ಬಿಡಿ. ಕಾಗದದ ಚೀಲದೊಳಗೆ ಉಸಿರಾಡುವ ಹಳೆಯ ಉಪಾಯ ಬೇಡ. ಹೃದಯ, ಶ್ವಾಸಕೋಶದ ತೊಂದರೆ ಇರುವವರಿಗೆ ಅದು ಅಪಾಯಕಾರಿ.
* ಪಾದಗಳನ್ನು ನೆಲಕ್ಕೆ ಊರಿ, ಕಣ್ಣಿಗೆ ಕಾಣುವ ಐದು ವಸ್ತುಗಳನ್ನು ಒಂದೊಂದಾಗಿ ಹೆಸರಿಸಿ.
* ನೀವೇ ವಾಹನ ಚಲಾಯಿಸುತ್ತಿದ್ದರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ.
* ಜೊತೆಗಿರುವವರು ಗದರಿಸಬಾರದು. ಪಕ್ಕದಲ್ಲಿ ಕುಳಿತು ಮೆಲುದನಿಯಲ್ಲಿ ಮಾತನಾಡಿಸಿದರೆ ಸಾಕು.

ಅಂಜಿ ದೂರ ಸರಿದರೆ

ಗಾಬರಿಗಿಂತ ಹೆಚ್ಚು ನಷ್ಟ ತರುವುದು ಅದಕ್ಕೆ ಅಂಜಿ ಪ್ರಯಾಣವನ್ನೇ ಬಿಡುವ ಅಭ್ಯಾಸ. ನಡುದಾರಿಯಲ್ಲಿ ಇಳಿದಾಗ ಸಿಗುವ ನೆಮ್ಮದಿಯು, ಇಳಿದದ್ದರಿಂದಲೇ ಬದುಕಿದೆ ಎಂಬ ತಪ್ಪು ಪಾಠವನ್ನು ಮನಸ್ಸಿಗೆ ಕಲಿಸುತ್ತದೆ. ಮೊದಲು ರಾತ್ರಿ ಬಸ್ಸು, ಅನಂತರ ರೈಲು, ಕೊನೆಗೆ ಬಂಧುಗಳ ಮದುವೆ, ಪರಊರಿನ ಉದ್ಯೋಗ ಎಲ್ಲವೂ ಕೈತಪ್ಪುತ್ತವೆ.

ಈ ಅಂಜಿಕೆಯನ್ನು ಹಂತಹಂತವಾಗಿ ಕಳೆಯುವುದು ಅರಿವಿನ ವರ್ತನಾ ಚಿಕಿತ್ಸೆಯ ಮುಖ್ಯ ಭಾಗ. ಮೊದಲು ಮೆಟ್ರೊದಲ್ಲಿ ಒಂದೇ ನಿಲ್ದಾಣ. ಗಾಬರಿ ತಗ್ಗುವುದು ಅನುಭವಕ್ಕೆ ಬಂದ ಬಳಿಕ ಮೂರು. ಮುಂದೆ ಮೈಸೂರಿನವರೆಗೆ ಹಗಲು ರೈಲು. ಅಗತ್ಯವಿದ್ದರೆ ಮನೋವೈದ್ಯರು ಔಷಧಿಯನ್ನೂ ನೀಡುತ್ತಾರೆ. ಅನ್ಯರಿಗೆ ಬರೆದುಕೊಟ್ಟ ನಿದ್ರೆ ಅಥವಾ ಆತಂಕದ ಮಾತ್ರೆಯನ್ನು ನುಂಗುವುದು ಸಲ್ಲದು. ಅಂಥ ಕೆಲವು ಮಾತ್ರೆಗಳು ಚಟವಾಗುತ್ತವೆ. ಹೊರಡುವ ಮುನ್ನ ಅತಿಯಾದ ಕಾಫಿ ಹಾಗೂ ಮದ್ಯ ಬೇಡ.

ಎಚ್ಚರಿಕೆ

ಮೊದಲ ಬಾರಿ ಎದೆನೋವು ಬಂದಾಗ ಅದನ್ನು ಬರಿಯ ಗಾಬರಿ ಎಂದು ತಳ್ಳಿಹಾಕಬಾರದು. ನೋವು ತೋಳಿಗೆ ಅಥವಾ ದವಡೆಗೆ ಹರಡಿದರೆ, ಪ್ರಜ್ಞೆ ತಪ್ಪಿದರೆ ತಡಮಾಡದೆ 108ಕ್ಕೆ, ರೈಲಿನಲ್ಲಿದ್ದರೆ 139ಕ್ಕೆ ಕರೆ ಮಾಡಿ. ಹೃದಯ, ಥೈರಾಯ್ಡ್ ಪರೀಕ್ಷೆಗಳು ಸಹಜವಾಗಿದ್ದೂ ಗಾಬರಿ ಮರುಕಳಿಸಿದರೆ ಮನೋವೈದ್ಯರನ್ನು ಕಾಣುವುದು ಸೂಕ್ತ. ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ-ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲಿಯೇ ಉಚಿತ ಸಲಹೆ ದೊರೆಯುತ್ತದೆ.